ಯಂತ್ರ ಆರಿಸಿದ ಅಧ್ಯಕ್ಷರು

ಅರ್ಧ ಕೊಡ ಹೇಗೆ ತುಳುಕುತ್ತದೆಂದು ನೋಡಬೇಕಿದ್ದರೆ ನಮ್ಮೂರ ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷ ಗುರುಶಾಂತಪ್ಪನವರನ್ನು ನೋಡಬೇಕಿತ್ತು. ಕೃತಕ ಬುದ್ಧಿಮತ್ತೆಯ ಯಂತ್ರವೊಂದನ್ನು ತರಗತಿಗೆ ತರಿಸಿ ಅಪ್ಪಣೆ ಕೊಡಿಸಿದರು: "ಇನ್ನು ಇದು ಹೇಳಿದ್ದೇ ಪಾಠ. ತಪ್ಪು ಅಂತ ಬಾಯಿ ಬಿಟ್ಟೋರು ಕೆಲಸ ಬಿಟ್ಟು ಮನೆಗೆ ಹೋಗಬಹುದು."

ಯಂತ್ರದ ತಪ್ಪುಗಳನ್ನೂ ಮಕ್ಕಳು ಕಣ್ಣುಮುಚ್ಚಿ ಬರೆದುಕೊಳ್ಳುವುದನ್ನು ಕಂಡು ಪಂಕಜಾಕ್ಷಿ ಟೀಚರಿಗೆ ಸಿಟ್ಟು ಬಂತು. ಆದರೂ "ಆಗಲಿ ಸರ್" ಎಂದರು.

ಯಂತ್ರದ ವಿಧ್ಯುಕ್ತ ಉದ್ಘಾಟನೆಗೆ ಊರೇ ನೆರೆದಿತ್ತು. ಟೀಚರು ಬಲು ವಿನಯದಿಂದ ಯಂತ್ರವನ್ನು ಕೇಳಿದರು: "ನಮ್ಮ ಶಾಲೆಯ ಅಧ್ಯಕ್ಷರು ಯಾರು?" ಅದೇನು ಹೇಳುತ್ತದೆಂದು ಮೊದಲೇ ಕೇಳಿ ನೋಡಿಟ್ಟಿದ್ದರು.

"ಶ್ರೀ ಕೊಟ್ರಬಸಪ್ಪನವರು," ಎಂದಿತು ಯಂತ್ರ. ಕೊಟ್ರಬಸಪ್ಪ ಎಂದರೆ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಗುರುಶಾಂತಪ್ಪನವರೆದುರು ಸೋತವರು. ಮುಂದಿನ ಸಾಲಿನಲ್ಲೇ ಕೂತಿದ್ದ ಅವರು ಎದ್ದು ಸಭೆಗೆ ಕೈಮುಗಿದರು.

ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. "ತಪ್ಪು! ಶುದ್ಧ ತಪ್ಪು!"

"ಹಾಗನ್ನಬಾರದು ಸರ್, ತಮ್ಮದೇ ಅಪ್ಪಣೆ. ಮಕ್ಕಳೇ, ಬರ್ಕೊಳ್ಳಿ."

"ಯಂತ್ರ ಹೇಳಿದ್ದನ್ನ ವಿಚಾರಿಸದೆ ಬರೆಸ್ತೀರೇನ್ರೀ? ಬುದ್ಧಿ ಬೇಡ್ವಾ?"

"ಬೇಕು ಸರ್," ಎಂದ ಟೀಚರು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: 'ಯಂತ್ರ ಹೇಳಿದ್ದನ್ನು ವಿಚಾರಿಸದೆ ಬರೆಯಬಾರದು. ಅಧ್ಯಕ್ಷರ ಆಜ್ಞೆ.'

ಸಭೆ ಚಪ್ಪಾಳೆ ತಟ್ಟಿತು. ಯಂತ್ರ ಈಗಲೂ ಅಲ್ಲೇ ಇದೆ. ಮಕ್ಕಳು ಅದನ್ನು ಕೇಳುತ್ತಾರೆ, ಪುಸ್ತಕ ತೆರೆದು ತಾಳೆ ನೋಡುತ್ತಾರೆ, ಆಮೇಲೆ ಬರೆಯುತ್ತಾರೆ. ಅಧ್ಯಕ್ಷರು ಮಾತ್ರ ಆ ಕಡೆ ತಲೆ ಹಾಕಿಲ್ಲ.