ಕೌದಿಗೆ ಎಷ್ಟು ಬಟ್ಟೆ

"ಅಜ್ಜಾರೇ, ಈ ವರ್ಷ ಕೌದಿಗೆ ಎಷ್ಟು ಬಟ್ಟೆ ತರಲಿ?" ಎಂದು ಮುರಿಗೆಯ್ಯ ಮಠದ ಗುರುಗಳನ್ನು ಕೇಳಿದ.

ಮಠಕ್ಕೆ ಬರುವ ಯಾತ್ರಿಕರಿಗೆ ಹೊದೆಯಲು ಕೌದಿ ಒದಗಿಸುವ ಕೆಲಸ ಅವನದು. ಹಳೆಯ ಸೀರೆ, ಧೋತರ, ದರ್ಜಿಗಳ ಬಳಿ ಉಳಿದ ತುಂಡು ಬಟ್ಟೆ, ಎಲ್ಲವನ್ನೂ ಕೊಂಡು ತರುವವನು ಅವನೇ. ಓಣಿ ಓಣಿಗೆ ಗಂಟು ಕಳಿಸಿ ಊರ ಹೆಂಗಸರಿಂದ ಹೊಲಿಸುವವನೂ ಅವನೇ. ಒಂದು ವರ್ಷ ಬಟ್ಟೆ ಸಾಲದೆ ಜನ ಚಳಿಯಲ್ಲಿ ಮಲಗಿದರು. ಮರುವರ್ಷ ಹೆಚ್ಚು ತಂದ, ಉಗ್ರಾಣಕ್ಕೆ ಇಲಿ ಹೊಕ್ಕಿತು. ಅದರ ಮುಂದಿನ ವರ್ಷ ಮತ್ತೆ ಸಾಲಲಿಲ್ಲ.

"ಒಂದು ಲೆಕ್ಕ ಹೇಳಿಬಿಡಿ. ಪ್ರತಿ ವರ್ಷ ಅಷ್ಟೇ ತರುತ್ತೇನೆ. ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ" ಎಂದ.

ಗುರುಗಳಿಗೆ ವಯಸ್ಸಾಗಿತ್ತು. ಮಾತಿಗೂ ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನಿಂಬೆವ್ವ, ಬಾಳವ್ವ ಎಂಬ ಇಬ್ಬರು ನೆಗೆಣ್ಣಿಯರಿದ್ದರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಮಕ್ಕಳಾಗಲಿಲ್ಲ. ಗಂಡಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಹೆಂಗಸರಿಬ್ಬರೂ ಬೇರೆಯಾಗಲಿಲ್ಲ. ಒಂದೇ ಒಲೆಯ ಅಡುಗೆ ಉಣ್ಣುತ್ತ, ಕೌದಿ ಹೊಲಿದು ಬದುಕುತ್ತಿದ್ದರು.

ನಿಂಬೆವ್ವ ಹಿರಿಯಳು. ಬಟ್ಟೆ ಆರಿಸುವುದು ಅವಳ ಕೆಲಸ. ಸಂತೆಯಲ್ಲಿ ಹಳೆಯ ಬಟ್ಟೆಯ ರಾಶಿಯ ಮುಂದೆ ಕೂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಾವ ಸೆರಗು ನಡುವೆ ಚೆಂದ, ಯಾವ ಬಣ್ಣ ಅಂಚಿಗೆ ಚೆಂದ ಎಂಬುದು ಅಲ್ಲೇ ಅವಳ ಕಣ್ಣಿಗೆ ಕಾಣುತ್ತಿತ್ತು. ಮನೆಗೆ ತಂದು ಒಗೆದು, ಕತ್ತರಿಸಿ, ಪದರದ ಮೇಲೆ ಪದರ ಹಾಸಿ ಕೊಡುತ್ತಿದ್ದಳು.

ಹೊಲಿಯುವುದು ಬಾಳವ್ವನ ಕೆಲಸ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದಳು. ಹೊಲಿಗೆ ಸಣ್ಣದು, ಒಂದರ ಪಕ್ಕ ಒಂದು. ಅವಳು ಹೊಲಿದ ಕೌದಿ ಹತ್ತಾರು ಸಲ ಒಗೆದರೂ ಬಿಚ್ಚುತ್ತಿರಲಿಲ್ಲ. ಮಾತು ಕಡಿಮೆ. ಯಾರಾದರೂ ಹೊಗಳಿದರೆ, "ಎಲ್ಲಾ ನಮ್ಮಕ್ಕನ ಕಣ್ಣಿನ ಗುಣ" ಎನ್ನುತ್ತಿದ್ದಳು.

ಒಂದು ಚಳಿಗಾಲ ಒಬ್ಬ ಬಾಣಂತಿಯ ಮನೆಯವರು ಕೌದಿ ಹೊಲಿದುಕೊಡಲು ಹೇಳಿ ಹೋದರು. ಅರ್ಧ ಹೊಲಿಯುವಷ್ಟರಲ್ಲಿ ಬಟ್ಟೆ ಮುಗಿಯಿತು. ಅಕಾಲದ ಮಳೆಗೆ ದಾರಿ ಕೆಟ್ಟು ಸಂತೆ ಕೂಡಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಬಟ್ಟೆ ಸಿಕ್ಕು, ಕೌದಿ ಮುಗಿಸಿ, ನಿಂಬೆವ್ವ ತಾನೇ ಹೊತ್ತುಕೊಂಡು ಹೋಗಿ ಕೊಟ್ಟಳು. ಕೂಸನ್ನು ಗೋಣಿಚೀಲದಲ್ಲಿ ಸುತ್ತಿ ಮಲಗಿಸಿದ್ದರು. ಅದಕ್ಕೆ ಕೆಮ್ಮು ಹತ್ತಿತ್ತು. ಬಾಣಂತಿ ಕೌದಿ ತೆಗೆದುಕೊಂಡು, "ನಿಮ್ಮ ಕೌದಿ ಬರೋದ್ರಾಗ ಚಳಿನ ಹೋತಲ್ಲವ್ವ" ಎಂದಳು.

ಕೂಸು ಮುಂದೆ ಚೇತರಿಸಿಕೊಂಡಿತು. ಆದರೆ ಆ ಮಾತು ನಿಂಬೆವ್ವನ ಮನಸ್ಸಿನಿಂದ ಹೋಗಲಿಲ್ಲ. ಇನ್ನು ಮುಂದೆ ಬಟ್ಟೆ ಇಲ್ಲವೆಂದು ತಮ್ಮ ಮನೆಯಲ್ಲಿ ಕೆಲಸ ನಿಲ್ಲಬಾರದು ಎಂದುಕೊಂಡಳು.

ಅಂದಿನಿಂದ ಅವಳು ಯಾವ ಸಂತೆಯನ್ನೂ ತಪ್ಪಿಸಲಿಲ್ಲ. ದರ್ಜಿಗಳ ಅಂಗಡಿಗೆ ಹೋದಳು. ಮದುವೆ ಮುಗಿದ ಮನೆಗಳಿಗೆ ಹೋದಳು. ಮೊದಲೆಲ್ಲ ಜನ ಹೇಳಿಹೋದ ಕೌದಿಗೆ ತಕ್ಕಷ್ಟೇ ತರುತ್ತಿದ್ದಳು. ಈಗ ಮುಂದೆ ಯಾರಾದರೂ ಹೇಳಬಹುದಾದ ಕೌದಿಗೂ ತಂದಳು. ಕೆಂಪು ಇದ್ದರೆ ಹಸಿರು ಇಲ್ಲ ಎನಿಸಿತು. ಹಸಿರು ತಂದರೆ ಅಡಿಯ ಅಸ್ತರಿಗೆ ಗಟ್ಟಿ ಧೋತರ ಇಲ್ಲ ಎನಿಸಿತು. ಗಂಟುಗಳು ಮೊದಲು ಅಟ್ಟ ತುಂಬಿದವು. ಆಮೇಲೆ ನಡುಮನೆಗೆ ಇಳಿದವು. ಬಾಳವ್ವ ಹೊಲಿಯಲು ಕೂರುವ ಕಿಟಕಿಯ ಎರಡೂ ಬದಿಗೆ ಬಂದು ನಿಂತವು.

ಬಟ್ಟೆ ಇದ್ದ ಮೇಲೆ ಅದನ್ನು ಕಾಯಬೇಕು. ಬಿಸಿಲಿಗೆ ಹಾಕುವುದು, ಬೇವಿನ ಎಲೆ ಇಟ್ಟು ಮತ್ತೆ ಕಟ್ಟುವುದು, ನುಸಿ ಹೊಕ್ಕಿದೆಯೇ ಎಂದು ಬಿಚ್ಚಿ ನೋಡುವುದು. ನಿಂಬೆವ್ವನೂ ಸುಮ್ಮನೆ ಕೂತವಳಲ್ಲ. ಸಂಜೆಗೆ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ಇಷ್ಟೆಲ್ಲ ಮಾಡುವುದು ಮನೆಗಾಗಿ, ಬಾಳವ್ವ ಸೂಜಿ ಹಿಡಿದು ಬಟ್ಟೆಯಿಲ್ಲದೆ ಕೂರಬಾರದು ಎಂದೇ, ಎಂದು ಅವಳು ನಂಬಿದ್ದಳು. "ಬಟ್ಟಿ ಸಾಕಾತೇನು?" ಎಂದು ದಿನವೂ ಬಾಳವ್ವನನ್ನು ಕೇಳುತ್ತಿದ್ದಳು.

ಬಟ್ಟೆ ಹೆಚ್ಚಾದ ಹಾಗೆ ಕೌದಿ ಹೊಲಿದುಕೊಡಿ ಎನ್ನುವವರೂ ಹೆಚ್ಚಾದರು. ಕೇಳಿದವರಿಗೆಲ್ಲ ನಿಂಬೆವ್ವ ಆಗಲಿ ಎನ್ನುತ್ತಿದ್ದಳು. ಬಟ್ಟೆ ಇತ್ತಲ್ಲ.

ಬಾಳವ್ವ ಬೆಳಗ್ಗೆ ಏಳುವಾಗ ಮೊದಲು ಕಾಣುತ್ತಿದ್ದುದು ಆ ಗಂಟುಗಳೇ. ಒಂದು ಗಂಟು ಬರಿದಾಗುವ ಮೊದಲೇ ಇನ್ನೊಂದು ಬರುತ್ತಿತ್ತು. ಅವಳ ಬಲಗೈ ಹೆಬ್ಬೆರಳು ನೋಯತೊಡಗಿತು. ಎಣ್ಣೆ ಹಚ್ಚಿ ಬಿಸಿ ಬಟ್ಟೆ ಕಟ್ಟಿಕೊಂಡು ಹೊಲಿದಳು. ಹೊಲಿಗೆ ನಿಧಾನವಾಯಿತು. ಬಾಳವ್ವನಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂದುಕೊಂಡಳು ನಿಂಬೆವ್ವ. ಬಾಯಿಬಿಟ್ಟು ಅನ್ನಲಿಲ್ಲ. ಹೊಸ ಬಣ್ಣ ಕಂಡರೆ ಹುರುಪು ಬಂದೀತೆಂದು ಒಂದು ಇಳಕಲ್ ಸೀರೆಯ ಸೆರಗು ತಂದು ಅವಳ ಮಡಿಲಿಗೆ ಹಾಕಿದಳು.

ಬಾಳವ್ವ ಸೆರಗನ್ನು ನೋಡಿದಳು. ಸುತ್ತ ಇದ್ದ ಗಂಟುಗಳನ್ನು ನೋಡಿದಳು.

"ಅಕ್ಕಾ, ಈ ಬಟ್ಟಿ ಮುಗಿಯೋದು ಯಾವಾಗ?"

ನಿಂಬೆವ್ವ ಅವಳ ಬೆನ್ನು ಸವರಿ ನಕ್ಕಳು. "ನೀ ಯಾಕ ಚಿಂತಿ ಮಾಡ್ತಿ? ನಾ ಇರೋತನಕ ಮುಗಿಯಾಕ ಬಿಡಂಗಿಲ್ಲ."

ಪ್ರೀತಿಯಿಂದಲೇ ಹೇಳಿದಳು. ಬಾಳವ್ವ ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದಳು.

ಕೆಲವು ದಿನ ಕಳೆದವು. ನಿಂಬೆವ್ವ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಬಾಳವ್ವನಿಗೆ ಸೂಜಿ ಹಿಡಿಯಲು ಆಗಲಿಲ್ಲ. ಬೆರಳು ಮಡಿಚಿದರೆ ಬಿಚ್ಚಲಿಲ್ಲ. ಸ್ವಲ್ಪ ಹೊತ್ತು ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು, ಅರ್ಧ ಹೊಲಿದ ಕೌದಿಯನ್ನು ಮಡಚಿಟ್ಟು, ಪಕ್ಕದ ಮನೆಯವರಿಗೆ ತಿಳಿಸಿ, ತವರಿಗೆ ಹೋದಳು.

ನಿಂಬೆವ್ವ ದೊಡ್ಡ ಗಂಟು ಹೊತ್ತು ಮನೆಗೆ ಬಂದಳು. ಸುದ್ದಿ ಕೇಳಿ ಅವಳಿಗೆ ಸಿಟ್ಟು ಬಂತು. ಅರ್ಧ ಕೆಲಸ ಬಿಟ್ಟು ಯಾರಾದರೂ ಹೋಗುತ್ತಾರೆಯೇ ಎಂದುಕೊಂಡಳು. ಕೌದಿ ಹೇಳಿದವರು ಬರುವವರಿದ್ದರು. ಬೇರೆ ದಾರಿ ಕಾಣದೆ ಮರುದಿನ ಬೆಳಗ್ಗೆ ತಾನೇ ಕಿಟಕಿಯ ಬಳಿ ಕೂತು ಸೂಜಿ ಹಿಡಿದಳು.

ಇಷ್ಟು ವರ್ಷ ಅವಳು ಕೌದಿ ಹಾಸಿದ್ದಳು, ಹೊಲಿದಿರಲಿಲ್ಲ. ಅಷ್ಟು ಪದರಗಳೊಳಗಿಂದ ಸೂಜಿ ಸುಲಭವಾಗಿ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಬೆರಳಿಗೆ ಚುಚ್ಚಿತು. ಕುತ್ತಿಗೆ ಬಿಗಿಯಿತು. ಕಿಟಕಿಯ ಬಿಸಿಲು ಸರಿದು ಹೋಗುವ ತನಕ ಎದ್ದೇಳದೆ ಹೊಲಿದಳು. ನೋಡಿದರೆ ಅಂಗೈ ಅಗಲದಷ್ಟೂ ಆಗಿರಲಿಲ್ಲ.

ಸೂಜಿ ಇಟ್ಟು ತಲೆಯೆತ್ತಿದಳು. ಎರಡೂ ಬದಿಗೆ ಗಂಟುಗಳಿದ್ದವು. ಆವರೆಗೂ ಅವುಗಳಲ್ಲಿ ಅವಳಿಗೆ ಬಣ್ಣ ಕಂಡಿತ್ತು. ಆ ದಿನ ಅಂಗೈ ಅಗಲದ ಲೆಕ್ಕದಲ್ಲಿ ಎಷ್ಟು ಹೊಲಿಗೆ ಇದೆ ಎಂಬುದು ಕಂಡಿತು. ಒಲೆ ಹಚ್ಚುವ ಮನಸ್ಸಾಗಲಿಲ್ಲ.

ಬೆಳಗ್ಗೆ ಬಾಳವ್ವನ ತವರೂರಿಗೆ ನಡೆದು ಹೋದಳು. ಬಾಳವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕೈಗೆ ಬಟ್ಟೆ ಕಟ್ಟಿತ್ತು. ನಿಂಬೆವ್ವ ಪಕ್ಕದಲ್ಲಿ ಕೂತು, "ಸಿಟ್ಟಾಗಿ ಬಂದಿಯೇನ?" ಎಂದು ಕೇಳಿದಳು.

"ಸಿಟ್ಟೆಲ್ಲಿದು ಅಕ್ಕಾ. ದಣಿದೀನಿ."

"ನನಗ ಒಂದು ಮಾತು ಹೇಳಬಾರದಿತ್ತೇನ?"

ಬಾಳವ್ವ ಕೈಗೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸಿಕೊಂಡಳು. "ಬಟ್ಟಿ ಸಾಕಾತೇನು ಅಂತ ದಿನಾ ಕೇಳ್ತಿದ್ದಿ. ನಿನಗ ಸಾಕಾತೇನು ಅಂತ ಒಂದ ದಿನ ಕೇಳಿದ್ದರ ಹೇಳ್ತಿದ್ದೆ."

ನಿಂಬೆವ್ವ ಬಾ ಎಂದು ಕರೆಯಲಿಲ್ಲ. ನೀರು ಕುಡಿದು ಒಬ್ಬಳೇ ಹಿಂದಿರುಗಿದಳು.

ಊರಿಗೆ ಬಂದು ಗಂಟುಗಳನ್ನು ಹಂಚತೊಡಗಿದಳು. ಕೇಳಿದವರಿಗೆಲ್ಲ ಕೊಡಲಿಲ್ಲ. ಹೊಲಿಯುವವರು ಯಾರು, ಅವರಿಗೆ ಪುರುಸೊತ್ತು ಇದೆಯೇ, ಕೈ ಆಡುತ್ತದೆಯೇ ಎಂದು ವಿಚಾರಿಸಿ ಕೊಟ್ಟಳು. ಇದೆಂಥ ದಾನ ಎಂದು ಜನ ಆಡಿಕೊಂಡರು. ಅಡಿಯಲ್ಲಿದ್ದ ಕೆಲವು ಗಂಟುಗಳಲ್ಲಿ ಬಟ್ಟೆ ಮುಟ್ಟಿದರೆ ಹರಿಯುವಷ್ಟು ಹಳತಾಗಿತ್ತು. ಅವೇ ಅವಳು ಮೊದಮೊದಲು ಆಸೆಪಟ್ಟು ಆರಿಸಿದ್ದವು. ಅವನ್ನು ತಾನೇ ಹೊತ್ತು ತಿಪ್ಪೆಗೆ ಹಾಕಿ ಬಂದಳು.

ಕೌದಿ ಹೇಳಿ ಹೋಗಿದ್ದವರ ಮನೆಗಳಿಗೆ ತಾನೇ ಹೋಗಿ, ಈ ವರ್ಷ ಆಗುವುದಿಲ್ಲ ಎಂದಳು. ಬೈಸಿಕೊಂಡಳು. ಬೈಗುಳ ಕೇಳಿಯೂ ಬಟ್ಟೆ ತರಲು ಹೋಗಲಿಲ್ಲ. ಬಾಳವ್ವ ಬಿಟ್ಟುಹೋದ ಕೌದಿಯನ್ನು ಮಾತ್ರ ಮನೆಗೇ ಇಟ್ಟುಕೊಂಡು ದಿನಕ್ಕಿಷ್ಟು ಹೊಲಿದಳು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಅದು ಮುಗಿಯಿತು.

ಆ ದಿನಗಳಲ್ಲೇ ಬಾಳವ್ವ ಮನೆಗೆ ಬಂದಳು. ಬೆರಳು ಪೂರ್ತಿ ನೆಟ್ಟಗಾಗಿರಲಿಲ್ಲ. ಮುಂದೆಯೂ ಆಗಲಿಲ್ಲ. ಒಳಗೆ ಬಂದವಳು ಬರಿದಾದ ನಡುಮನೆಯನ್ನು ನೋಡುತ್ತ ನಿಂತಳು. ನಿಂಬೆವ್ವ ಕೌದಿ ಹಾಸಿದಳು. ಅರ್ಧದಲ್ಲಿ ಸಣ್ಣ ಹೊಲಿಗೆ, ಉಳಿದರ್ಧದಲ್ಲಿ ಸೊಟ್ಟ ಹೊಲಿಗೆ. ಬಾಳವ್ವ ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ಇನ್ನೊಬ್ಬರ ಹೊಲಿಗೆ ಬಿದ್ದ ಕೌದಿ ಅವಳ ಪಾಲಿಗೆ ಬಂದದ್ದು ಅದೇ ಮೊದಲು. ಹೊದ್ದು ಮಲಗಿದಳು. ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಯಾರೋ ಬಾಗಿಲಿಗೆ ಬಂದು ಕೌದಿ ಕೇಳಿದರು. ನಿಂಬೆವ್ವ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಮೆಲ್ಲಗೆ ಮಾತಾಡಿರಿ ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ತಲೆಯಾಡಿಸಿದ.

"ತಿಳಿಯಿತು ಅಜ್ಜಾರೇ. ಹಾಗಾದರೆ ಈ ವರ್ಷ ಕಡಿಮೆ ತರುತ್ತೇನೆ. ಎಷ್ಟು ಕಡಿಮೆ ಮಾಡಲಿ?"

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನಮ್ಮ ಮಠಕ್ಕೆ ಕೌದಿ ಹೊಲಿದುಕೊಡುವ ಹೆಂಗಸರ ಹೆಸರು ಹೇಳು, ಆಮೇಲೆ ಬಟ್ಟೆಯ ಮಾತು."

ಮುರಿಗೆಯ್ಯ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.