ದೊರೆ ಕಲಿತ ಒಂದೇ ಇಂಗ್ಲಿಷ್ ಮಾತು

ಒಂದಾನೊಂದು ಊರಿನಲ್ಲಿ ಡೊಂಕಪ್ಪನಾಯಕ ಅಂತ ಒಬ್ಬ ದೊರೆ. ಹಾದಿಹೋಕ ಬಿಳಿಯನೊಬ್ಬ ಅವನ ಅರಮನೆಯಲ್ಲಿ ಉಂಡು, ತಟ್ಟೆಯಲ್ಲಿ ಮಿಕ್ಕಿದ್ದನ್ನು ತೋರಿಸಿ "ಲೆಫ್ಟೋವರ್" ಅಂದು ಎದ್ದು ಹೋದ. ದೊರೆ ಕಲಿತ ಇಂಗ್ಲಿಷ್ ಅಷ್ಟೇ. ಅಷ್ಟಕ್ಕೇ ತಲೆ ತಿರುಗಿತು.

"ರಾತ್ರಿಯದು ತಂಗಳು, ಬಾಯಿ ಮುಟ್ಟಿದ್ದು ಎಂಜಲು, ಪಾತ್ರೆ ತೊಳೆದದ್ದು ಮುಸುರೆ. ಏನು ಗಲಾಟೆ ಇದು! ಇನ್ನು ಎಲ್ಲವೂ ಲೆಫ್ಟೋವರೇ. ಲೆಫ್ಟೋವರೆಲ್ಲ ಅರಮನೆ ಹಿಂದಿನ ಕೊಟ್ಟಿಗೆಗೆ ಬರತಕ್ಕದ್ದು!"

ಡಂಗುರ ಕೇಳಿ ಸಿರಿಯವ್ವ ಹೊಸ್ತಿಲಲ್ಲಿ ಕೂತು ನಕ್ಕಳು. ಗಂಡ ಸತ್ತಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮೊದಲು ತಂಗಳನ್ನ ಹೋಯಿತು. "ನಾನು ಎಂಜಲಲ್ಲ ಕಣ್ರೋ, ನನ್ನನ್ನ ಯಾರೂ ಮುಟ್ಟಿಲ್ಲ" ಅಂತ ಹಾದಿಯುದ್ದಕ್ಕೂ ಅತ್ತಿತು. ಆಮೇಲೆ ಜೋಡಿ ಕಳೆದುಕೊಂಡ ಮೆಟ್ಟು ಹೋಯಿತು. ಆಮೇಲೆ ಮುದಿ ದ್ಯಾವಕ್ಕನ ಬಾಯಲ್ಲಿ ಉಳಿದಿದ್ದ ಒಂದೇ ಹಲ್ಲಿನ ಸರದಿ. ಹಲ್ಲು ಗಟ್ಟಿಯಿತ್ತು, ಬರಲಿಲ್ಲ. ದ್ಯಾವಕ್ಕನೇ ಜೊತೆಗೆ ಹೋದಳು.

ಆಮೇಲೆ ಭಟರು ಸಿರಿಯವ್ವನ ಬಾಗಿಲಿಗೆ ಬಂದರು.

"ನನ್ನ ಮಡಕೆ ಬರಿದು ಕಣ್ರಪ್ಪ."

"ಮಡಕೆ ಯಾರಿಗೆ ಬೇಕವ್ವ? ಗಂಡ ಹೆಂಡ್ತಿ ಇಬ್ರಿದ್ರಿ. ಗಂಡ ಹೋದ. ಮಿಕ್ಕಿದ್ದೇನು?"

ಸಿರಿಯವ್ವ ಲೆಕ್ಕ ಹಾಕಿದಳು. ಹೇಗೆ ಹಾಕಿದರೂ ತಾನೇ ಮಿಕ್ಕಳು. ಆದರೆ ಮನೆ ಬಿಡುವುದು ಹೇಗೆ? ಗಂಡ ಒರಗಿ ಒರಗಿ ಗೋಡೆಯ ಮೇಲೆ ಅವನ ತಲೆಯೆಣ್ಣೆಯ ಕಲೆ ಕೂತಿತ್ತು. ಅದರ ಪಕ್ಕ ಕೂತರೇ ಅವಳಿಗೆ ಅನ್ನ ಇಳಿಯುತ್ತಿದ್ದದ್ದು.

ಅವಳನ್ನು ದೊರೆಯ ಮುಂದೆ ನಿಲ್ಲಿಸಿದರು.

"ಬುದ್ಧೀ, ಜ್ವರ ಬಂದು ಉಳಿದ, ಹೊಳೆಗೆ ಬಿದ್ದು ಉಳಿದ ಅಂತೀವಲ್ಲ? ನಮ್ಮ ಮಾತಲ್ಲಿ ಉಳಿದವಳು ಅಂದ್ರೆ ಬದುಕಿದವಳು. ನಾನು ಮಿಕ್ಕವಳಲ್ಲ, ಉಳಿದವಳು."

ದೊರೆಯ ಕಣ್ಣು ಒದ್ದೆಯಾಯಿತು. "ಎಷ್ಟು ಚೆನ್ನಾಗಿ ಹೇಳಿದೆ ತಾಯಿ! ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?"

ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಹೋಗಲಿ, ಆ ಮುರುಕು ಮನೆ ಮೇಲೆ ನಿನಗ್ಯಾಕಿಷ್ಟು ಆಸೆ? ಅದನ್ನಾದರೂ ಹೇಳು, ಬಿಟ್ಟುಬಿಡ್ತೀನಿ."

ಸಿರಿಯವ್ವ ಬಾಯಿ ತೆರೆದಳು. ಗೋಡೆಯ ಕಲೆಯೂ ಗಂಡನಿಂದ ಮಿಕ್ಕಿದ್ದೇ; ಹೇಳಿದರೆ ತಾನು ಮನೆಗೆ, ಗೋಡೆ ಕೊಟ್ಟಿಗೆಗೆ. ಬಾಯಿ ಮುಚ್ಚಿದಳು.

"ಏನೂ ಇಲ್ಲ ಬುದ್ಧೀ. ಸುಮ್ಮನೆ."

ದೊರೆ ಕಣ್ಣೊರೆಸಿಕೊಂಡು ಕೊಟ್ಟಿಗೆಯ ಕಡೆ ಕೈ ತೋರಿಸಿದ. ಒಳಗೆ ದ್ಯಾವಕ್ಕ ಸರಿದು ಜಾಗ ಕೊಟ್ಟಳು.

ಆದ್ದರಿಂದ ಮಕ್ಕಳೇ, ತಟ್ಟೆಯಲ್ಲಿ ಅಗುಳೂ ಬಿಡಬೇಡಿ. ಸಾಯುವುದಾದರೆ ಜೋಡಿಯಾಗಿ ಸಾಯಿರಿ. ಅವರು ಕೊಟ್ಟಿಗೆಯಲ್ಲಿ, ನಾವು ಹೊರಗೆ, ಸದ್ಯಕ್ಕೆ.