ಹೆಪ್ಪು ಸಿಗದ ಬಾನಿ

"ನಾನು ಕಲಿಸಿದ ಕೆಲಸವನ್ನೇ ನನ್ನೆದುರು ಅಂಗಡಿ ಇಟ್ಟು ಮಾಡುವವನನ್ನು ತಡೆದರೆ ತಪ್ಪೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಊದುಬತ್ತಿ ಕಾರ್ಖಾನೆ ನಡೆಸುವವನು. ಪರಿಮಳ ಬೆರೆಸುವುದರಲ್ಲಿ ಪಳಗಿದ ಕೆಲಸಗಾರನೊಬ್ಬ ಬಿಟ್ಟುಹೋಗುತ್ತೇನೆ ಎಂದಿದ್ದ. ಬಿಟ್ಟ ಮೇಲೆ ಮೂರು ವರ್ಷ ಈ ಕೆಲಸವನ್ನು ಬೇರೆಲ್ಲೂ ಮಾಡುವುದಿಲ್ಲವೆಂದು ಅವನಿಂದ ಬರೆಸಿಕೊಂಡ ಪತ್ರ ಶಿಷ್ಯನ ಬಳಿ ಇತ್ತು. ಕೆಲಸದಲ್ಲಿರುವಷ್ಟು ದಿನ ಸರಿ, ಬಿಟ್ಟ ಮೇಲೆ ಇಂಥ ಪತ್ರವನ್ನು ನ್ಯಾಯಾಲಯ ಎತ್ತಿಹಿಡಿಯುವುದಿಲ್ಲ ಎಂದು ವಕೀಲರು ಹೇಳಿಬಿಟ್ಟಿದ್ದರು. ಶಿಷ್ಯನಿಗೆ ಕಾನೂನಿನ ಮೇಲೆಯೇ ಸಿಟ್ಟು ಬಂದಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ನೂಲು ಅದ್ದುವ ನೀಲಿಯ ಬಾನಿ ಮೊಸರಿನ ಗಡಿಗೆಯ ಹಾಗೆ, ಒಳಗೆ ಜೀವವಿರಬೇಕು. ಸತ್ತರೆ ಇನ್ನೊಬ್ಬರ ಬಾನಿಯಿಂದ ಹೆಪ್ಪು ತಂದು ಹಾಕಬೇಕು. ಬಣ್ಣಗಾರರು ಎಷ್ಟೇ ಕಿತ್ತಾಡಿದರೂ ಹೆಪ್ಪು ಇಲ್ಲವೆನ್ನುತ್ತಿರಲಿಲ್ಲ.

ಅವನ ಬಳಿ ಹತ್ತು ವರ್ಷ ದುಡಿದ ಆಳು ತನ್ನದೇ ಬಾನಿ ಇಡಲು ಹೊರಟ. ಬಣ್ಣಗಾರ ಹಿಂದೆ ಅವನಿಂದ ಬರೆಸಿಕೊಂಡಿದ್ದ ಪತ್ರವನ್ನು ಪಂಚರ ಮುಂದೆ ಬಿಚ್ಚಿದ. ಬಿಟ್ಟುಹೋದವನು ಒಂದು ದಿನದ ದಾರಿಯೊಳಗೆ ಎಲ್ಲೂ ಬಾನಿ ಇಡಕೂಡದು ಎಂದು ಅದರಲ್ಲಿತ್ತು. ಆಳಿಗೆ ಬೇರೆ ವಿದ್ಯೆ ಗೊತ್ತಿಲ್ಲ, ಮನೆಯಲ್ಲಿ ಉಣ್ಣುವ ಬಾಯಿ ಐದು. ಅದು ಪಂಚರಿಗೂ ಗೊತ್ತಿತ್ತು. ಆದರೂ, ಕೊಟ್ಟ ಮಾತು ಕೊಟ್ಟದ್ದೇ ಎಂದರು. ಆಳು ಕಲ್ಲು ಹೊರಲು ಹೋದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನ ಪಾಲಿಗೆ ಕೆಸರಷ್ಟೇ ಬಂತು.

ಬಣ್ಣಗಾರ ಎಲ್ಲ ಆಳುಗಳಿಂದಲೂ ಇದೇ ಪತ್ರ ಬರೆಸಿಕೊಂಡಿದ್ದ. ಸುತ್ತಲಿನ ಮುದಿ ಬಣ್ಣಗಾರರು ಒಬ್ಬೊಬ್ಬರಾಗಿ ಕಸುಬು ಬಿಟ್ಟರು, ಹೊಸಬರು ಹುಟ್ಟಲಿಲ್ಲ. ಇನ್ನು ನೀಲಿಗೆ ತಾನೊಬ್ಬನೇ ಎಂದು ಅವನು ಬೀಗಿದ.

ಮೂರನೆಯ ವರ್ಷ ಅವನ ಬಾನಿ ಸತ್ತಿತು. ದೂರದೂರಿನಿಂದ ತಂದ ಹೆಪ್ಪು ದಾರಿಯಲ್ಲೇ ಕೆಟ್ಟಿತು. ನೇಕಾರರು ನೂಲನ್ನು ಹಿಂದಕ್ಕೆ ಒಯ್ಯತೊಡಗಿದರು. ಬಣ್ಣಗಾರ ಹಳೆಯ ಆಳಿನ ಮನೆಗೆ ನಡೆದ. ದಾರಿಯುದ್ದಕ್ಕೂ ಅವನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ಆಳು ತನಗೆ ಮೋಸ ಮಾಡಿರಲಿ.

"ಹಿತ್ತಲಲ್ಲಿ ಗುಟ್ಟಾಗಿ ಒಂದು ಬಾನಿ ಇಟ್ಟಿರುತ್ತೀಯಲ್ಲವೇನಪ್ಪ? ಇದ್ದರೆ ಹೇಳು, ನಾನು ಸಿಟ್ಟಾಗುವುದಿಲ್ಲ" ಎಂದ.

"ಇಲ್ಲ ಧಣಿ, ನಾನು ಮಾತಿಗೆ ತಪ್ಪಲಿಲ್ಲ" ಎಂದ ಆಳು. ಅವನ ಕಣ್ಣೂ ತುಂಬಿತ್ತು.

ಆಮೇಲೆ ಪಂಚರು ಹೊಸ ಕಟ್ಟಳೆ ಮಾಡಿದರು. ಸಂಬಳ ಉಣ್ಣುವಷ್ಟು ದಿನ ಧಣಿಯ ಕೆಲಸವನ್ನೇ ಮಾಡಬೇಕು, ಧಣಿಯ ಗುಟ್ಟನ್ನು ಎಂದೂ ಮಾರಬಾರದು. ಬಿಟ್ಟ ಮೇಲೆ ಕೈ ಅವನದು, ಕಸುಬೂ ಅವನದು. ಬಣ್ಣಗಾರನ ಬಾನಿಗೆ ಮಾತ್ರ ಆ ಬುದ್ಧಿ ತಡವಾಗಿ ಬಂತು.

ಕತೆ ಮುಗಿದರೂ ಶಿಷ್ಯನ ಅಳುಕು ಹೋಗಲಿಲ್ಲ.

"ಪತ್ರವೂ ಇಲ್ಲವೆಂದರೆ ನನ್ನನ್ನು ಕಾಯುವುದು ಯಾವುದು, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಬರೆಸಿಕೊಂಡವನೇ ಅದು ಮುರಿದಿರಲಿ ಎಂದು ಬೇಡಿಕೊಂಡನಲ್ಲ, ಆ ಪತ್ರ ಕಾದದ್ದು ಯಾರನ್ನಪ್ಪ?"